ಲಾರಿ ಚಾಲಕರ ನ್ಯಾವಿಗೇಷನ್ ಆ್ಯಪ್‌ಗಳು

ಲಾರಿ ಚಾಲಕರ ನ್ಯಾವಿಗೇಷನ್ ಆ್ಯಪ್‌ಗಳು ಎಂದರೆ ಸರಕು ಸಾಗಣೆ ವಾಹನಗಳ ಚಾಲಕರು ದಾರಿ ತಿಳಿಯಲು, ದೂರ ಮತ್ತು ಸಮಯವನ್ನು ಅಂದಾಜಿಸಲು ಮೊಬೈಲ್ ಫೋನಿನಲ್ಲಿ ಬಳಸುವ ತಂತ್ರಾಂಶಗಳು. ಆಡುಮಾತಿನಲ್ಲಿ ಇವನ್ನು ಕೇವಲ 'ಮ್ಯಾಪ್' ಎಂದು ಕರೆಯುವುದುಂಟು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಆ್ಯಪ್‌ಗಳು ಮುಖ್ಯವಾಗಿ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡವು. ಲಾರಿಯ ಎತ್ತರ, ಭಾರ ಮತ್ತು ಉದ್ದಕ್ಕೆ ತಕ್ಕ ದಾರಿಯನ್ನು ಅವು ತಾವಾಗಿಯೇ ಆರಿಸಿಕೊಡುವುದಿಲ್ಲ. ಜೊತೆಗೆ ಇಂತಹ ಆ್ಯಪ್‌ಗಳು ಚಾಲಕನಿಗೆ ದಾರಿ ತೋರಿಸುವಾಗಲೇ ಅವನು ಎಲ್ಲಿದ್ದಾನೆಂಬುದನ್ನು ದಾಖಲಿಸಿಕೊಳ್ಳುವ ಸಾಮರ್ಥ್ಯವನ್ನೂ ಹೊಂದಿವೆ. ಆದುದರಿಂದ ಆ್ಯಪ್‌ನ ಆಯ್ಕೆಯು ದಾರಿಯ ಪ್ರಶ್ನೆಯಷ್ಟೇ ಖಾಸಗಿತನದ ಪ್ರಶ್ನೆಯೂ ಆಗಿದೆ.

ಕಾರ್ಯವಿಧಾನ

ಫೋನಿನಲ್ಲಿರುವ ಗ್ರಾಹಕ ಚಿಪ್ ಉಪಗ್ರಹಗಳ ಸಂಕೇತಗಳನ್ನು ಪಡೆದು ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತದೆ. ಅಮೆರಿಕದ ಜಿಪಿಎಸ್, ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಹಾಗೂ ಭಾರತದ ನಾವಿಕ್ ಇಂತಹ ಉಪಗ್ರಹ ವ್ಯವಸ್ಥೆಗಳು. ನಾವಿಕ್‌ನ ಮೊದಲ ಉಪಗ್ರಹವನ್ನು ಇಸ್ರೊ 2013ರ ಜುಲೈ 1ರಂದು ಹಾರಿಸಿತು. ಇದರ ಸಂಚಾರ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳನ್ನು ನಿಯಂತ್ರಿಸುವ ಪ್ರಧಾನ ಕೇಂದ್ರಗಳಲ್ಲೊಂದು ಹಾಸನದಲ್ಲಿದೆ.

ಇಲ್ಲಿ ಸಾಮಾನ್ಯವಾದ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕಾಗುತ್ತದೆ. ಉಪಗ್ರಹವು ಫೋನನ್ನು 'ನೋಡುವುದಿಲ್ಲ'. ರೇಡಿಯೊ ಕೇಳುವವನು ಯಾರೆಂದು ಆಕಾಶವಾಣಿಗೆ ಹೇಗೆ ತಿಳಿಯದೋ ಹಾಗೆಯೇ ಜಿಪಿಎಸ್ ಸಂಕೇತವನ್ನು ಪಡೆಯುವವನು ಯಾರೆಂದು ಉಪಗ್ರಹಕ್ಕೆ ತಿಳಿಯದು. ಸ್ಥಾನದ ವಿವರ ಹೊರಗೆ ಹೋಗುವುದು ಫೋನಿನಲ್ಲಿರುವ ಆ್ಯಪ್ ಅದನ್ನು ಇಂಟರ್‌ನೆಟ್ ಮೂಲಕ ತನ್ನ ಕಂಪನಿಗೆ ಕಳುಹಿಸಿದಾಗ. ಹೀಗಾಗಿ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ದಾರಿ ತೋರಿಸುವ ಆ್ಯಪ್‌ಗಳು ಸಾಧ್ಯವಾಗಿವೆ. ಮೊಬೈಲ್ ಸಿಮ್‌ನ ವಿಚಾರ ಬೇರೆ. ಫೋನು ಯಾವ ಟವರಿನ ವ್ಯಾಪ್ತಿಯಲ್ಲಿದೆ ಎಂಬುದು ಮೊಬೈಲ್ ಕಂಪನಿಗೆ ಯಾವಾಗಲೂ ತಿಳಿದಿರುತ್ತದೆ.

ದಟ್ಟಣೆಯ ಮಾಹಿತಿಯು ಬಳಕೆದಾರರಿಂದಲೇ ಬರುತ್ತದೆ. ರಸ್ತೆಯಲ್ಲಿರುವ ಫೋನುಗಳು ಕಳುಹಿಸುವ ವೇಗವನ್ನು ಒಟ್ಟುಗೂಡಿಸಿ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣಗಳನ್ನು ತೋರಿಸಲಾಗುತ್ತದೆ. 2020ರಲ್ಲಿ ಜರ್ಮನಿಯ ಕಲಾವಿದ ಸೈಮನ್ ವೆಕರ್ಟ್ ಅವರು 99 ಫೋನುಗಳನ್ನು ಒಂದು ಕೈಗಾಡಿಯಲ್ಲಿಟ್ಟು ಬರ್ಲಿನ್‌ನ ಬೀದಿಯಲ್ಲಿ ಎಳೆದುಕೊಂಡು ಹೋಗಿ, ಖಾಲಿ ರಸ್ತೆಯು ನಕ್ಷೆಯಲ್ಲಿ ದಟ್ಟಣೆಯಿಂದ ಕೆಂಪಾಗುವಂತೆ ಮಾಡಿ ತೋರಿಸಿದ್ದರು. ಇದರ ತಿರುಗುಮುರುಗು ಕಾಡಿನ ರಸ್ತೆಗಳಲ್ಲಿ ಕಂಡುಬರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಫೋನುಗಳಿಂದ ವೇಗದ ವಿವರ ಬರುವುದಿಲ್ಲವಾದ್ದರಿಂದ ಅಲ್ಲಿ ನಿಂತ ಲಾರಿಗಳ ಸಾಲು ನಕ್ಷೆಯಲ್ಲಿ ಕಾಣಿಸದೇ ಹೋಗಬಹುದು.

ಕಾರಿನ ದಾರಿ, ಲಾರಿಯ ದಾರಿ

2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಸರಕು ವಾಹನಗಳ ಭಾರಮಿತಿಯನ್ನು ಹೆಚ್ಚಿಸಿದ ಬಳಿಕ ಎರಡು ಆ್ಯಕ್ಸಲ್‌ಗಳ ಲಾರಿಯು ಲೋಡ್ ಸಹಿತ 18.5 ಟನ್‌ವರೆಗೆ ತೂಗಬಹುದಾಗಿದೆ. ಸಾಮಾನ್ಯ ಲಾರಿಯ ಎತ್ತರದ ಮಿತಿ 4 ಮೀಟರ್. ಇಂತಹ ವಾಹನಕ್ಕೆ ರೈಲ್ವೆ ಕೆಳಸೇತುವೆಯ ಎತ್ತರ, ನಾಲೆಯ ಮೇಲಿನ ಹಳೆಯ ಸೇತುವೆಯ ಗಟ್ಟಿತನ, ಘಾಟಿಯ ತಿರುವಿನ ಅಗಲ, ಊರೊಳಗೆ ಅಡ್ಡ ಹಾದ ವಿದ್ಯುತ್ ತಂತಿ ಇವೆಲ್ಲವೂ ಮುಖ್ಯ. ಕಾರಿಗೆ ಇವುಗಳಲ್ಲಿ ಯಾವುದೂ ಲೆಕ್ಕಕ್ಕಿಲ್ಲ.

ಯುರೋಪ್ ಮತ್ತು ಅಮೆರಿಕಗಳಲ್ಲಿ ಲಾರಿಗಳಿಗಾಗಿಯೇ ತಯಾರಾದ ಆ್ಯಪ್‌ಗಳಿವೆ. ಸ್ಲೊವಾಕಿಯದ ಸಿಜಿಕ್, ನೆದರ್‌ಲೆಂಡ್ಸ್‌ನ ಟಾಮ್‌ಟಾಮ್ ಕಂಪನಿಗಳು ಇದಕ್ಕೆ ಉದಾಹರಣೆ. ಅವುಗಳಲ್ಲಿ ವಾಹನದ ಅಳತೆಗಳನ್ನು ನಮೂದಿಸಿದರೆ ಹೊಂದದ ರಸ್ತೆಗಳನ್ನು ಬಿಟ್ಟು ದಾರಿ ತೋರಿಸಲಾಗುತ್ತದೆ. ಆದರೆ ಅಂತಹ ಆ್ಯಪ್ ಕೆಲಸ ಮಾಡಬೇಕಾದರೆ ಪ್ರತಿಯೊಂದು ಸೇತುವೆಯ ಎತ್ತರ ಹಾಗೂ ಭಾರಮಿತಿ ಮೊದಲು ನಕ್ಷೆಯಲ್ಲಿ ದಾಖಲಾಗಿರಬೇಕು. ದಾಖಲೆ ಇಲ್ಲದ ಸೇತುವೆಯನ್ನು ಆ್ಯಪ್ ನಿರ್ಬಂಧವಿಲ್ಲದ ಸೇತುವೆ ಎಂದೇ ಭಾವಿಸುತ್ತದೆ. ಚುಂಚನಕಟ್ಟೆ, ಸಾಲಿಗ್ರಾಮ, ಕೃಷ್ಣರಾಜನಗರ ಭಾಗದಂತಹ ನಾಲಾ ಬಯಲಿನಲ್ಲಿ ಇದು ಸಣ್ಣ ಮಾತಲ್ಲ. ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ನೆರೆಯುವ ದನಗಳ ಜಾತ್ರೆಗೆ ಎತ್ತುಗಳನ್ನು ಹೇರಿಕೊಂಡು ಬರುವ ಹೊರಊರಿನ ಚಾಲಕನಿಗೆ ಯಾವ ಸೇತುವೆಯ ಮೇಲೆ ಲೋಡ್ ಗಾಡಿ ಹೋಗುತ್ತದೆ ಎಂಬುದನ್ನು ಇಂದಿಗೂ ಹೇಳಬಲ್ಲವರು ಆ ಊರಿನ ಜನರೇ.

ಗೂಗಲ್ ಮ್ಯಾಪ್ಸ್ 2017ರ ಡಿಸೆಂಬರ್‌ನಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರತ್ಯೇಕ ದಾರಿ ತೋರಿಸುವ ಸೌಲಭ್ಯವನ್ನು ಭಾರತದಲ್ಲೇ ಮೊದಲು ಆರಂಭಿಸಿತು. 2024ರ ಜುಲೈನಲ್ಲಿ ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ ನಾಲ್ಕು ಚಕ್ರದ ವಾಹನಗಳು ಕಿರಿದಾದ ಬೀದಿಗಳನ್ನು ತಪ್ಪಿಸುವ ಸೌಲಭ್ಯವನ್ನು ಪ್ರಕಟಿಸಿತು. ಮೈಸೂರು ಆ ಪಟ್ಟಿಯಲ್ಲಿರಲಿಲ್ಲ. ಲಾರಿಯ ಸರದಿ ಇನ್ನೂ ಬಂದಿಲ್ಲ.

ಹುಣಸೂರು ಭಾಗದ ನಿದರ್ಶನ

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳಿಂದ ಹೊಗೆಸೊಪ್ಪು, ಭತ್ತ, ಶುಂಠಿ, ಮರಮುಟ್ಟು ಮೊದಲಾದವು ಲಾರಿಗಳಲ್ಲಿ ಹೊರಹೋಗುತ್ತವೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ಪಶ್ಚಿಮಕ್ಕೆ ಹೊರಟ ಲಾರಿಗೆ ಇಲ್ಲಿ ಎದುರಾಗುವುದು ಕಾಡು ಮತ್ತು ಘಾಟಿ. ಇವೆರಡರ ನಿಯಮಗಳೂ ಗಡಿಯಾರ ಮತ್ತು ಮಳೆಗಾಲವನ್ನು ಅನುಸರಿಸಿ ಬದಲಾಗುತ್ತವೆ.

ಚುಂಚನಕಟ್ಟೆಯ ಸುತ್ತಿನ ಭತ್ತವನ್ನು ಹೇರಿಕೊಂಡು ಕೇರಳದ ಮಾನಂದವಾಡಿಗೆ ಹೊರಟ ಲಾರಿಯನ್ನು ಕಲ್ಪಿಸಿಕೊಳ್ಳಬಹುದು. ಹುಣಸೂರನ್ನು ತಲುಪಿದ ಮೇಲೆ ಅದರ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ವೀರನಹೊಸಹಳ್ಳಿಯ ಮೂಲಕ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೇ ಹಾದು ಕುಟ್ಟಕ್ಕೆ ಹೋಗುತ್ತದೆ. ಎರಡನೆಯದು ಹೆಗ್ಗಡದೇವನಕೋಟೆ, ಅಂತರಸಂತೆಗಳನ್ನು ಹಾದು ಬಾವಲಿಯಲ್ಲಿ ಗಡಿ ದಾಟುತ್ತದೆ. ಮೂರನೆಯದು ತಿತಿಮತಿ, ಗೋಣಿಕೊಪ್ಪಗಳ ಮೂಲಕ ಸುತ್ತು ಹಾಕಿ ಕುಟ್ಟ ಸೇರುತ್ತದೆ. ಮೊದಲ ಎರಡು ದಾರಿಗಳಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಬಾವಲಿಯ ದಾರಿಯಲ್ಲಿ ಈ ನಿಷೇಧವು 2008ರಿಂದ ಜಾರಿಯಲ್ಲಿದೆ. ಪೂರ್ವಕ್ಕೆ ಸುತ್ತಿ ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದ್ದು, ಇದು 2009ರಲ್ಲಿ ಆರಂಭವಾಗಿ 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಸಮ್ಮತಿಯನ್ನು ಪಡೆಯಿತು. ರಾತ್ರಿ ವೇಳೆ ಲಾರಿಗೆ ಉಳಿಯುವುದು ಗೋಣಿಕೊಪ್ಪದ ಸುತ್ತುದಾರಿಯೊಂದೇ.

ಅಂತರವನ್ನಷ್ಟೇ ನೋಡುವ ಆ್ಯಪ್‌ಗೆ ನಾಗರಹೊಳೆಯ ಒಳದಾರಿಯೇ ಹತ್ತಿರದ್ದಾಗಿ ಕಾಣುತ್ತದೆ. ಕೆಲವು ನಕ್ಷೆಗಳಲ್ಲಿ ಸಮಯದ ನಿರ್ಬಂಧವನ್ನು ದಾಖಲಿಸಲು ಅವಕಾಶವಿದ್ದರೂ ತೊಡಕು ಅಲ್ಲಿಗೆ ತೀರುವುದಿಲ್ಲ. ಆ್ಯಪ್ ಹೇಳುವ ಸಮಯವು ಕಾರಿನ ವೇಗದ ಲೆಕ್ಕ. ಸಂಜೆ 5ಕ್ಕೆ ಹೊರಟು ಕಾರು 5.40ಕ್ಕೆ ಮುಟ್ಟುವ ಗೇಟನ್ನು ಲೋಡ್ ಲಾರಿಯು 6.10ಕ್ಕೆ ಮುಟ್ಟಿದರೆ ಆ ರಾತ್ರಿ ಅಲ್ಲಿಯೇ ಕಳೆಯಬೇಕು, ಇಲ್ಲವೇ ಬಂದ ದಾರಿಯಲ್ಲೇ ಹಿಂದಿರುಗಿ ಗೋಣಿಕೊಪ್ಪದ ಕಡೆಗೆ ಹೊರಳಬೇಕು. ಡೀಸೆಲ್‌ನ ನಷ್ಟವೂ ತಡವಾದುದರ ಆಕ್ಷೇಪಣೆಯೂ ಆ್ಯಪ್‌ನ ಪಾಲಿಗಲ್ಲ, ಚಾಲಕನ ಪಾಲಿಗೆ ಬರುತ್ತವೆ.

ಮಂಗಳೂರಿನ ಕಡೆಗೆ ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ತೊಡಕು ಬೇರೆ ಬಗೆಯದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಗಳಿಂದ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಸಂಚಾರ ಸ್ಥಗಿತಗೊಂಡಿತು. ಅನಂತರದ ಮಳೆಗಾಲಗಳಲ್ಲಿ ಮರಳು ಮತ್ತು ಮರದ ದಿಮ್ಮಿ ಸಾಗಿಸುವ ಲಾರಿಗಳಿಗೆ, 18,500 ಕೆ.ಜಿ. ಮೀರಿದ ಸರಕು ವಾಹನಗಳಿಗೆ ಕೊಡಗು ಜಿಲ್ಲಾಡಳಿತವು ತಾತ್ಕಾಲಿಕ ನಿಷೇಧ ವಿಧಿಸಿದ್ದುಂಟು. ಮೋಟಾರು ವಾಹನಗಳ ಕಾಯ್ದೆಯ 115ನೆಯ ಸೆಕ್ಷನ್ ಇಂತಹ ನಿರ್ಬಂಧಕ್ಕೆ ಅಧಿಕಾರ ನೀಡುತ್ತದೆ. ಆದೇಶವು ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ, ಚೆಕ್‌ಪೋಸ್ಟ್‌ನಲ್ಲಿ ಜಾರಿಯಾಗುತ್ತದೆ. ಆದರೆ ಅದೇ ರಸ್ತೆಯಲ್ಲಿ ಕಾರುಗಳು ಸರಾಗವಾಗಿ ಓಡಾಡುತ್ತಿರುವುದರಿಂದ ನಕ್ಷೆಯಲ್ಲಿ ರಸ್ತೆ ಹಸಿರಾಗಿಯೇ ಇರುತ್ತದೆ. ಕಾರಿಗೆ ತೆರೆದು ಲಾರಿಗೆ ಮುಚ್ಚಿದ ರಸ್ತೆಯನ್ನು ಫೋನುಗಳ ವೇಗದಿಂದ ಗುರುತಿಸಲು ಬರುವುದಿಲ್ಲ.

ಪ್ರಮುಖ ಆ್ಯಪ್‌ಗಳು

ಗೂಗಲ್ ಮ್ಯಾಪ್ಸ್ ಅತ್ಯಂತ ಹೆಚ್ಚು ಬಳಕೆಯಲ್ಲಿದೆ. ಕನ್ನಡದಲ್ಲಿ ಧ್ವನಿ ಸೂಚನೆ ನೀಡುತ್ತದೆ. ದಟ್ಟಣೆಯ ಮಾಹಿತಿ, ಡಾಬಾ, ಪೆಟ್ರೋಲ್ ಬಂಕ್, ಪಂಕ್ಚರ್ ಅಂಗಡಿಗಳ ವಿವರಗಳಲ್ಲಿ ಇದಕ್ಕೆ ಸಾಟಿಯಾದುದು ಕಡಿಮೆ. ನಕ್ಷೆಯನ್ನು ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಬಳಸಬಹುದು, ಆದರೆ ಆಗ ದಟ್ಟಣೆ ತಿಳಿಯುವುದಿಲ್ಲ.

ಮ್ಯಾಪಲ್ಸ್ ಎಂಬುದು 1995ರಲ್ಲಿ ಸ್ಥಾಪನೆಯಾದ ಭಾರತೀಯ ಕಂಪನಿ ಮ್ಯಾಪ್‌ಮೈಇಂಡಿಯಾದ ಆ್ಯಪ್. 2021ರ ಫೆಬ್ರವರಿಯಲ್ಲಿ ಈ ಕಂಪನಿಯು ಇಸ್ರೊದೊಂದಿಗೆ ಒಪ್ಪಂದ ಮಾಡಿಕೊಂಡಿತು. ರಸ್ತೆಯ ಹಂಪ್, ತಿರುವು, ಕೂಡುರಸ್ತೆಗಳ ಎಚ್ಚರಿಕೆ ಇದರ ವಿಶೇಷ. ಲೋಡ್ ಲಾರಿಗೆ ಹಂಪ್ ಮೊದಲೇ ತಿಳಿಯುವುದು ಸರಕಿನ ದೃಷ್ಟಿಯಿಂದ ಉಪಯುಕ್ತ. ಇದೇ ಕಂಪನಿಯು ವಾಹನಗಳ ಜಾಡು ಹಿಡಿಯುವ ಸಾಧನಗಳ ವ್ಯವಹಾರವನ್ನೂ ನಡೆಸುತ್ತದೆ. ದೇಶೀಯ ಕಂಪನಿ ಎಂದ ಮಾತ್ರಕ್ಕೆ ಮಾಹಿತಿಯ ಸಂಗ್ರಹ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಖಾಸಗಿತನದ ಷರತ್ತುಗಳನ್ನು ಯಾವ ದೇಶದ ಆ್ಯಪ್ ಆದರೂ ಓದಿಯೇ ತಿಳಿಯಬೇಕು.

ಓಸ್ಮ್ಯಾಂಡ್ ಮತ್ತು ಆರ್ಗ್ಯಾನಿಕ್ ಮ್ಯಾಪ್ಸ್ ಎಂಬವು ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶವನ್ನು ಬಳಸುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಅವರು ಆರಂಭಿಸಿದ, ಸ್ವಯಂಸೇವಕರು ರಚಿಸುವ ಮುಕ್ತ ನಕ್ಷೆ. ಈ ಎರಡೂ ಆ್ಯಪ್‌ಗಳಲ್ಲಿ ಕರ್ನಾಟಕದ ನಕ್ಷೆಯನ್ನು ಇಳಿಸಿಕೊಂಡರೆ ನಾಗರಹೊಳೆಯ ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ಹುಡುಕಬಹುದು. ಬಳಸಲು ಖಾತೆ ತೆರೆಯಬೇಕಾಗಿಲ್ಲ. ಓಸ್ಮ್ಯಾಂಡ್‌ನಲ್ಲಿ ಲಾರಿಗಾಗಿ ಪ್ರತ್ಯೇಕ ವಿಭಾಗವಿದ್ದು ವಾಹನದ ಎತ್ತರ, ಅಗಲ, ತೂಕಗಳನ್ನು ನಮೂದಿಸಬಹುದು. ಆದರೆ ಮೇಲೆ ಹೇಳಿದಂತೆ, ಸೇತುವೆಯ ವಿವರ ನಕ್ಷೆಯಲ್ಲಿಲ್ಲದಿದ್ದರೆ ಈ ಸೌಲಭ್ಯದಿಂದ ಪ್ರಯೋಜನವಿಲ್ಲ. ಅಂಗಡಿ ಮತ್ತು ವಿಳಾಸಗಳ ಹುಡುಕಾಟದಲ್ಲಿಯೂ ಇವು ಹಿಂದೆ ಬೀಳುತ್ತವೆ.

ಖಾಸಗಿತನ

ಗೂಗಲ್ ಮ್ಯಾಪ್ಸ್‌ನಂತಹ ಆ್ಯಪ್‌ಗೆ ಹಣ ಕೊಡಬೇಕಾಗಿಲ್ಲವಾದರೂ ಅದು ಬೆಲೆಯಿಲ್ಲದೆ ದೊರೆಯುವುದಿಲ್ಲ. 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು, 'ಲೊಕೇಶನ್ ಹಿಸ್ಟರಿ' ಎಂಬುದನ್ನು ನಿಲ್ಲಿಸಿದ ಬಳಿಕವೂ ಗೂಗಲ್‌ನ ಕೆಲವು ಸೇವೆಗಳು ಬಳಕೆದಾರನ ಸ್ಥಾನವನ್ನು ದಾಖಲಿಸುತ್ತಿದ್ದುದನ್ನು ಹೊರಗೆಡಹಿತು. ಇದರ ಬಗ್ಗೆ ತನಿಖೆ ನಡೆಸಿದ ಅಮೆರಿಕದ 40 ರಾಜ್ಯಗಳೊಂದಿಗೆ ಗೂಗಲ್ 2022ರಲ್ಲಿ 39.15 ಕೋಟಿ ಡಾಲರ್ ನೀಡಿ ರಾಜಿ ಮಾಡಿಕೊಂಡಿತು. 2023ರ ಡಿಸೆಂಬರ್‌ನಲ್ಲಿ, ಪ್ರಯಾಣದ ದಾಖಲೆಯಾದ 'ಟೈಮ್‌ಲೈನ್' ಅನ್ನು ಕಂಪನಿಯ ಸರ್ವರ್‌ಗೆ ಬದಲಾಗಿ ಬಳಕೆದಾರನ ಫೋನಿನಲ್ಲಿಯೇ ಇರಿಸುವ ಬದಲಾವಣೆಯನ್ನು ಅದು ಪ್ರಕಟಿಸಿತು.

ಹೆಸರನ್ನು ತೆಗೆದುಹಾಕಿದರೆ ಮಾಹಿತಿ ಸುರಕ್ಷಿತವೆಂಬ ವಾದವೂ ಇದೆ. 2013ರಲ್ಲಿ ಯ್ವ್-ಅಲೆಕ್ಸಾಂಡ್ರ್ ದ ಮೊಂಜೊಯ್ ಮತ್ತು ಸಂಗಡಿಗರು 15 ಲಕ್ಷ ಮಂದಿಯ ಮೊಬೈಲ್ ದತ್ತಾಂಶವನ್ನು ಪರಿಶೀಲಿಸಿ, ಸ್ಥಳ ಮತ್ತು ಸಮಯದ ಕೇವಲ ನಾಲ್ಕು ಬಿಂದುಗಳು ತಿಳಿದರೆ ಶೇಕಡಾ 95ರಷ್ಟು ಜನರ ಜಾಡನ್ನು ಉಳಿದವರಿಂದ ಬೇರ್ಪಡಿಸಬಹುದೆಂದು ತೋರಿಸಿದರು. ಲಾರಿ ಚಾಲಕನ ವಿಷಯದಲ್ಲಿ ಇದು ಇನ್ನೂ ಸುಲಭ. ರಾತ್ರಿ ತಂಗುವ ಊರು, ಲೋಡ್ ಮಾಡುವ ಗೋದಾಮು, ದಾಟುವ ಚೆಕ್‌ಪೋಸ್ಟ್, ಇಳಿಸುವ ಮಂಡಿ ಇವಿಷ್ಟೇ ಸಾಕಾಗುತ್ತವೆ.

ಆದಾಗ್ಯೂ, ಲಾರಿ ಚಾಲಕನ ಜಾಡು ಹಿಡಿಯುವುದು ನಕ್ಷೆಯ ಆ್ಯಪ್ ಒಂದೇ ಅಲ್ಲ ಎಂಬುದನ್ನು ನೆನಪಿಡಬೇಕು. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಪ್ರತಿ ಟೋಲ್ ದಾಟಿದಾಗಲೂ ಖಾತೆಗೆ ಜೋಡಿಸಿದ ಫೋನಿಗೆ, ಅಂದರೆ ಸಾಮಾನ್ಯವಾಗಿ ಮಾಲೀಕನ ಫೋನಿಗೆ, ಸಂದೇಶ ಹೋಗುತ್ತದೆ. 50,000 ರೂಪಾಯಿ ಮೀರಿದ ಸರಕಿಗೆ ಬೇಕಾದ ಇ-ವೇ ಬಿಲ್‌ನಲ್ಲಿ ಲಾರಿಯ ಸಂಖ್ಯೆ ಇರುತ್ತದೆ. ಸಾರ್ವಜನಿಕ ಸೇವೆಯ ವಾಹನಗಳಲ್ಲಿ ಎಐಎಸ್ 140 ಮಾನದಂಡದ ಜಾಡುಪತ್ತೆ ಸಾಧನವನ್ನು ಕೇಂದ್ರದ ನಿಯಮಗಳು ಕಡ್ಡಾಯಪಡಿಸಿವೆ. ಕರ್ನಾಟಕವು ರಾಷ್ಟ್ರೀಯ ಪರವಾನಗಿಯ ಸರಕು ವಾಹನಗಳನ್ನೂ ಇದರ ವ್ಯಾಪ್ತಿಗೆ ತಂದಿದೆ. 2015ರಲ್ಲಿ ಆರಂಭವಾದ ಬೆಂಗಳೂರಿನ ಬ್ಲ್ಯಾಕ್‌ಬಕ್‌ನಂತಹ ಕಂಪನಿಗಳು ಲೋಡ್ ಹುಡುಕಿಕೊಡುವುದರ ಜೊತೆಗೆ ಫಾಸ್ಟ್ಯಾಗ್ ಮತ್ತು ಜಿಪಿಎಸ್ ಸೇವೆಗಳನ್ನೂ ಲಾರಿ ಮಾಲೀಕರಿಗೆ ನೀಡುತ್ತವೆ. ಚಾಲಕನ ಬಳಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ, ಅವನ ಒಪ್ಪಿಗೆಯನ್ನು ಎಸ್ಎಂಎಸ್ ಮೂಲಕ ಪಡೆದು ಸಿಮ್‌ನ ಟವರ್ ಆಧಾರದಲ್ಲಿ ಸ್ಥಾನವನ್ನು ತಿಳಿಯುವ ಪದ್ಧತಿಯೂ ಇದೆ. ಕೆಲಸ ಬೇಕೆನ್ನುವವನು ಆ ಸಂದೇಶಕ್ಕೆ 'ಇಲ್ಲ' ಎಂದು ಉತ್ತರಿಸುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದು ವಿಚಾರಾರ್ಹ.

ಇವುಗಳಲ್ಲಿ ಬಹುತೇಕ ಎಲ್ಲವೂ ಲಾರಿಗೆ ಅಂಟಿದವು. ನಿಲ್ಲಿಸುವ ಅಧಿಕಾರ ಚಾಲಕನಿಗಿಲ್ಲ. ಅವನ ಹತೋಟಿಯಲ್ಲಿರುವುದು ಸ್ವಂತ ಫೋನ್ ಮಾತ್ರ. ಲಾರಿಯ ಜಾಡು ಕೆಲಸದೊಂದಿಗೆ ಮುಗಿಯುತ್ತದೆ, ಫೋನಿನ ಜಾಡಾದರೋ ಅವನನ್ನು ಮನೆಯವರೆಗೂ, ಆಸ್ಪತ್ರೆ, ದೇವಸ್ಥಾನ, ಸಭೆಗಳವರೆಗೂ ಹಿಂಬಾಲಿಸುತ್ತದೆ.

ಕಾನೂನು

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಘೋಷಿಸಿತು. ಈ ಮೊಕದ್ದಮೆಯ ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರು. ಇದರ ಮುಂದುವರಿಕೆಯೆನ್ನಬಹುದಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಯಿತು. ಒಪ್ಪಿಗೆಯನ್ನು ಹಿಂಪಡೆಯುವುದು ಅದನ್ನು ಕೊಟ್ಟಷ್ಟೇ ಸುಲಭವಾಗಿರಬೇಕೆಂದೂ, ತನ್ನ ಮಾಹಿತಿಯನ್ನು ತಿದ್ದಿಸುವ ಮತ್ತು ಅಳಿಸುವ ಹಕ್ಕು ವ್ಯಕ್ತಿಗೆ ಇದೆಯೆಂದೂ ಕಾಯ್ದೆಯು ಹೇಳುತ್ತದೆ.

ಆದರೆ ಚಾಲಕರ ದೃಷ್ಟಿಯಿಂದ ಮುಖ್ಯವಾದುದು 7ನೆಯ ಸೆಕ್ಷನ್. ಉದ್ಯೋಗದ ಉದ್ದೇಶಕ್ಕಾಗಿ, ಅಥವಾ ಉದ್ಯೋಗದಾತನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ ಒಪ್ಪಿಗೆಯಿಲ್ಲದೆಯೂ ಮಾಹಿತಿಯನ್ನು ಬಳಸಲು ಅದು ಅವಕಾಶ ನೀಡುತ್ತದೆ. ಲಕ್ಷಾಂತರ ರೂಪಾಯಿಯ ಸರಕನ್ನು ಒಬ್ಬನ ಕೈಗೆ ಒಪ್ಪಿಸುವ ಮಾಲೀಕನ ಆತಂಕವೂ ಸುಳ್ಳಲ್ಲ. ಆದರೆ ಕೆಲಸದ ಅವಧಿ ಮುಗಿದ ಮೇಲೆ ಚಾಲಕನ ಸ್ವಂತ ಫೋನಿನ ಜಾಡು ಹಿಡಿಯುವುದನ್ನು ಈ ಉದ್ದೇಶದೊಳಗೆ ಸೇರಿಸುವುದು ಕಷ್ಟ.

ಚಾಲನೆಯಲ್ಲಿ ಫೋನ್ ಬಳಸುವ ಕುರಿತು 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯು, ಗಮನಕ್ಕೆ ಭಂಗ ಬಾರದಂತೆ ದಾರಿ ನೋಡಲು ಮಾತ್ರ ಕೈಫೋನ್ ಬಳಸಲು ಅನುಮತಿ ನೀಡಿದೆ.

ಆಯ್ಕೆ ಮತ್ತು ಬಳಕೆ

ಒಂದೇ ಆ್ಯಪ್‌ನಿಂದ ಎಲ್ಲ ಅಗತ್ಯಗಳೂ ಪೂರೈಸುವುದಿಲ್ಲವಾದ್ದರಿಂದ ಎರಡನ್ನು ಜೊತೆಯಾಗಿ ಬಳಸುವುದು ಅನುಕೂಲಕರ. ಬೆಂಗಳೂರು–ಮೈಸೂರು ಹೆದ್ದಾರಿ, ನಗರಗಳ ಸುತ್ತಮುತ್ತ ದಟ್ಟಣೆ ತಿಳಿಸುವ ಆ್ಯಪ್ ಬೇಕಾಗುತ್ತದೆ. ಹುಣಸೂರಿನಿಂದಾಚೆಗೆ ಫೋನಿನಲ್ಲೇ ಇರುವ ನಕ್ಷೆ ಸಾಕು, ಅಲ್ಲಿ ದಟ್ಟಣೆಗಿಂತ ಗೇಟಿನ ಸಮಯ ಮುಖ್ಯ. ಆ್ಯಪ್ ಹೇಳಿದ ಸಮಯಕ್ಕೆ ಲೋಡ್ ಲಾರಿಯ ನಿಧಾನವನ್ನು ಚಾಲಕನೇ ಕೂಡಿಸಿಕೊಳ್ಳಬೇಕು. ಹೊರಡುವ ಮುನ್ನ ದಾರಿಯನ್ನು ಮಧ್ಯಬಿಂದುಗಳಾಗಿ, ಉದಾಹರಣೆಗೆ ಹುಣಸೂರು, ತಿತಿಮತಿ, ಗೋಣಿಕೊಪ್ಪ, ಕುಟ್ಟ ಎಂದು ನಮೂದಿಸಿದರೆ ಆ್ಯಪ್ ತಾನಾಗಿ ಒಳದಾರಿಗೆ ಎಳೆಯುವುದು ತಪ್ಪುತ್ತದೆ. 2024ರ ನವೆಂಬರ್‌ನಲ್ಲಿ ಉತ್ತರಪ್ರದೇಶದ ಬರೇಲಿಯ ಸಮೀಪ, ಆ್ಯಪ್ ತೋರಿದ ದಾರಿಯಲ್ಲಿ ಹೊರಟಿದ್ದರೆನ್ನಲಾದ ಮೂವರು ಅಪೂರ್ಣ ಸೇತುವೆಯಿಂದ ಕಾರು ಬಿದ್ದು ಮೃತಪಟ್ಟರು. ಕತ್ತಲೆಯಲ್ಲಿ ಅಪರಿಚಿತ ರಸ್ತೆಗೆ ಹೊರಳುವ ಮುನ್ನ ಸ್ಥಳೀಯರನ್ನು ಕೇಳುವ ಹಳೆಯ ಪದ್ಧತಿಯನ್ನು ಬಿಡಬಾರದು.

ಫೋನಿನ ಅನುಮತಿಗಳಲ್ಲಿ ಸ್ಥಾನದ ಬಳಕೆಯನ್ನು 'ಆ್ಯಪ್ ಬಳಸುವಾಗ ಮಾತ್ರ' ಎಂದು ಇರಿಸುವುದು, ಹಳೆಯ ದಾಖಲೆಗಳು ತಾವಾಗಿಯೇ ಅಳಿಯುವ ಅವಧಿಯನ್ನು ಗೊತ್ತುಪಡಿಸುವುದು ಸಾಧ್ಯ. ಲೋಡ್ ಹುಡುಕುವ ಆ್ಯಪ್‌ಗಳು ಸಂಪರ್ಕಗಳ ಪಟ್ಟಿ, ಸಂದೇಶಗಳು ಮೊದಲಾದ ಅನುಮತಿಗಳನ್ನು ಕೇಳಿದಾಗ, ದಾರಿ ತೋರಿಸಲು ಅವುಗಳ ಅಗತ್ಯವಿಲ್ಲವೆಂಬುದನ್ನು ಗಮನಿಸಬೇಕು. ಫೋನನ್ನು ಮಾರುವ ಮುನ್ನ ಅದರಲ್ಲಿನ ಪ್ರಯಾಣದ ದಾಖಲೆಯನ್ನು ಅಳಿಸುವುದು ಅವಶ್ಯ.

ಎಲ್ಲ ದಾಖಲೆಯೂ ಚಾಲಕನಿಗೆ ಪ್ರತಿಕೂಲವೆಂದು ತಿಳಿಯಬಾರದು. ಗೋದಾಮಿನ ಮುಂದೆ ಲೋಡ್ ಇಳಿಸಲು ಕಾದ ಗಂಟೆಗಳು, ಚೆಕ್‌ಪೋಸ್ಟ್‌ನಲ್ಲಿ ನಿಂತ ರಾತ್ರಿ, ದಾರಿ ತಪ್ಪಿಸಿ ಸರಕು ಇಳಿಸಿದನೆಂಬ ಆರೋಪ ಇವುಗಳಲ್ಲಿ ಚಾಲಕನ ಪರ ಸಾಕ್ಷಿಯಾಗಬಲ್ಲದ್ದು ಅವನ ಪ್ರಯಾಣದ ದಾಖಲೆಯೇ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಕೆಲಸದ ಮಿತಿಯನ್ನು ಹೇಳಿತ್ತು. ದುಡಿದ ಗಂಟೆಗಳ ಲೆಕ್ಕ ಮಾಲೀಕನ ಬಳಿ ಮಾತ್ರ ಇದ್ದಾಗ ಅದನ್ನು ಪ್ರಶ್ನಿಸಲು ಚಾಲಕನಿಗೆ ಆಧಾರವಿರುವುದಿಲ್ಲ. ಓಸ್ಮ್ಯಾಂಡ್‌ನಂತಹ ಆ್ಯಪ್‌ನಲ್ಲಿ ಪ್ರಯಾಣವನ್ನು ದಾಖಲಿಸಿದರೆ ಸ್ಥಳ ಮತ್ತು ಸಮಯದ ಕಡತವು ಚಾಲಕನ ಫೋನಿನಲ್ಲಿಯೇ ಉಳಿಯುತ್ತದೆ. ಯಾರಿಗೆ, ಯಾವಾಗ ತೋರಿಸಬೇಕೆಂಬ ನಿರ್ಧಾರ ಅವನದು.

ನಕ್ಷೆಯ ತಿದ್ದುಪಡಿ

ಗೂಗಲ್ ಮ್ಯಾಪ್ಸ್‌ನಲ್ಲಿ ಮುಚ್ಚಿದ ರಸ್ತೆ, ತಪ್ಪು ಹೆಸರುಗಳನ್ನು ಬಳಕೆದಾರರು ಸೂಚಿಸಬಹುದು, ಒಪ್ಪುವುದು ಬಿಡುವುದು ಕಂಪನಿಗೆ ಸೇರಿದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಳಕೆದಾರರೇ ನೇರವಾಗಿ ಸೇತುವೆಯ ಎತ್ತರ, ಭಾರಮಿತಿ, ಲಾರಿ ನಿಷೇಧ, ಗೇಟು ಮುಚ್ಚುವ ಸಮಯ ಹಾಗೂ ಊರಿನ ಕನ್ನಡ ಹೆಸರನ್ನು ಸೇರಿಸಬಹುದು. ಸೇರಿಸಿದ್ದು ಆ ದತ್ತಾಂಶವನ್ನು ಬಳಸುವ ಎಲ್ಲ ಆ್ಯಪ್‌ಗಳಿಗೂ ದೊರೆಯುತ್ತದೆ. ಪ್ರತಿಯೊಂದು ತಿದ್ದುಪಡಿಯೂ ಖಾತೆಯ ಹೆಸರು ಮತ್ತು ದಿನಾಂಕದೊಂದಿಗೆ ಸಾರ್ವಜನಿಕವಾಗಿ ಕಾಣುವುದರಿಂದ, ತಿದ್ದಿದವರು ಯಾವ ದಾರಿಯಲ್ಲಿ ಓಡಾಡುತ್ತಾರೆಂಬುದನ್ನು ಅದರಿಂದ ಊಹಿಸಬಹುದು. ಖಾತೆಗೆ ನಿಜ ಹೆಸರನ್ನೇ ಕೊಡಬೇಕೆಂಬ ನಿಯಮವಿಲ್ಲ.